ರಿಸೀವರ್ ಸುಮ್ಮನಿದ್ದರೆ ಹಕ್ಕಿ ಬರಲಿಲ್ಲವೆಂದೇ?

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಬ್ಲಾಕ್ ಐಲೆಂಡ್ ದ್ವೀಪದ ಬಳಿ 2016ರ ಡಿಸೆಂಬರ್‌ನಿಂದ ಐದು ಗಾಳಿಯಂತ್ರಗಳು ಕಡಲಲ್ಲೇ ನಿಂತು ವಿದ್ಯುತ್ ಕೊಡುತ್ತಿವೆ. ಆ ಬಳಿಕ ಮ್ಯಾಸಚೂಸೆಟ್ಸ್ ಕಡೆಯ ಕಡಲಿಗೆ ಬಂದ ವಿನ್ಯಾರ್ಡ್ ವಿಂಡ್ ಯೋಜನೆಯದ್ದು 62 ಯಂತ್ರಗಳ ಲೆಕ್ಕ. ಪೈಪಿಂಗ್ ಪ್ಲೋವರ್, ರೋಸಿಯೇಟ್ ಟರ್ನ್ ಹಕ್ಕಿಗಳು ವಲಸೆ ಹೋಗುವುದು ಇದೇ ಕರಾವಳಿಯ ದಾರಿಯಲ್ಲಿ. ಎರಡಕ್ಕೂ ಅಲ್ಲಿ ಕಾನೂನಿನ ರಕ್ಷಣೆಯಿದೆ. ಟರ್ನ್ ನಮ್ಮ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳ ನೆಂಟ.

ಪ್ಲೋವರ್, ರೋಸಿಯೇಟ್ ಟರ್ನ್ ಹಕ್ಕಿಗಳು ಗಾಳಿಯಂತ್ರಗಳ ನಡುವೆ ಹಾಯುತ್ತವೆಯೇ ಎಂದು ತಿಳಿಯಲು ಬೆನ್ನಿಗೆ ಪುಟಾಣಿ ರೇಡಿಯೊ ಟ್ಯಾಗ್ ಅಂಟಿಸುತ್ತಾರೆ. ಟ್ಯಾಗಿನ ಸಂಕೇತವನ್ನು ಆಂಟೆನಾ, ರಿಸೀವರ್ ಇಟ್ಟು ಹಿಡಿಯುವ ನಿಲ್ದಾಣಗಳ ಜಾಲಕ್ಕೆ ಮೋಟಸ್ ಎಂದು ಹೆಸರು. ಉತ್ತರ ಅಮೆರಿಕದಲ್ಲಿ ಈ ಜಾಲದ ಬಹಳಷ್ಟು ಟ್ಯಾಗ್‌ಗಳು ಮಿಡಿಯುವುದು 166.38 ಮೆಗಾಹರ್ಟ್ಸ್‌ನಲ್ಲಿ. ಮಿಡಿತದ ವಿನ್ಯಾಸ ನೋಡಿ ಹಕ್ಕಿ ಯಾವುದೆಂದು ಗುರುತಿಸುತ್ತಾರೆ. ಆದರೆ ಟ್ಯಾಗ್ ತಾನೆಲ್ಲಿದ್ದೇನೆಂದು ಹೇಳುವುದಿಲ್ಲ. ಸಂಕೇತ ಕ್ಷೀಣವಾಗಿ ಕೇಳಿಸಿತೆನ್ನಿ. ಹಕ್ಕಿ ದೂರದಲ್ಲಿರಬಹುದು, ಹತ್ತಿರವೇ ನೀರಿಗೆ ತಾಗುವಂತೆ ಹಾರುತ್ತಿರಬಹುದು, ಆಂಟೆನಾದ ಬೆನ್ನ ಹಿಂದೆಯೂ ಇರಬಹುದು.

ಅದಕ್ಕೇ ಈ ನಿಲ್ದಾಣಗಳಿಗೆ ಎಲ್ಲಿಯವರೆಗೆ ಕೇಳಿಸುತ್ತದೆಂದು ಮೊದಲು ಪರೀಕ್ಷಿಸಬೇಕು. ದೋಣಿಯಲ್ಲೋ ಡ್ರೋನ್‌ನಲ್ಲೋ ಒಂದು ಟ್ಯಾಗನ್ನೂ ಜಿಪಿಎಸ್ ಯಂತ್ರವನ್ನೂ ಕಟ್ಟಿ, ಬೇರೆ ಬೇರೆ ದೂರ, ದಿಕ್ಕು, ಎತ್ತರಗಳಲ್ಲಿ ಸುತ್ತಾಡಿಸುತ್ತಾರೆ. ಟ್ಯಾಗ್ ಎಲ್ಲಿದ್ದಾಗ ಎಷ್ಟು ಬಲದ ಸಂಕೇತ ಬಂತು ಎಂಬುದನ್ನು ಕ್ಷಣಕ್ಷಣಕ್ಕೂ ಹೊಂದಿಸಿ ನೋಡುತ್ತಾರೆ. ಕೇಳಿಸದೇ ಹೋದ ಜಾಗಗಳನ್ನಂತೂ ಬಿಡದೆ ಗುರುತಿಸಬೇಕು.

ಎತ್ತರದ ಪ್ರಭಾವ ಸಣ್ಣದಲ್ಲ. ಆಂಟೆನಾ 25 ಮೀಟರ್ ಮೇಲಿದ್ದರೆ, ನೀರಿನಿಂದ ಒಂದು ಮೀಟರ್ ಎತ್ತರದಲ್ಲಿ ಹಾರುವ ಹಕ್ಕಿ ಸುಮಾರು 25 ಕಿಲೋಮೀಟರ್ ಆಚೆ ಭೂಮಿಯ ಬಾಗಿಗೆ ಮರೆಯಾಗುತ್ತದೆ. ಅದೇ ಹಕ್ಕಿ 100 ಮೀಟರ್ ಮೇಲೇರಿದರೆ ಈ ಮಿತಿ 60 ಕಿಲೋಮೀಟರ್ ದಾಟುತ್ತದೆ. ಟ್ಯಾಗಿನ ದುರ್ಬಲ ಸಂಕೇತ ಅಷ್ಟು ದೂರ ತಲುಪುತ್ತದೆಯೇ ಎಂಬುದು ಬೇರೆ ಮಾತು. ಜೊತೆಗೆ, ನೇರ ಬಂದ ಅಲೆಯೂ ಕಡಲ ಮೇಲ್ಮೈಗೆ ಬಡಿದು ಬಂದ ಅಲೆಯೂ ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಬ್ಲಾಕ್ ಐಲೆಂಡ್ ಯಂತ್ರಗಳ ಅಲಗುಗಳು ತಿರುಗುವುದು ಸುಮಾರು 30ರಿಂದ 180 ಮೀಟರ್ ಎತ್ತರದ ನಡುವೆ. ಹಾಗಾಗಿ ಹಕ್ಕಿ ಎಷ್ಟು ಎತ್ತರದಲ್ಲಿತ್ತು ಎಂಬುದೇ ಇಲ್ಲಿ ಜೀವದ ಪ್ರಶ್ನೆ.

ಯಂತ್ರದ ಕಟ್ಟೆಯ ಮೇಲೇ ಆಂಟೆನಾ ಕೂರಿಸಿದರೆ ದಪ್ಪ ಉಕ್ಕಿನ ಕಂಬ ಒಂದು ಕಡೆಯ ಸಂಕೇತವನ್ನು ತಡೆಯುತ್ತದೆ. ದಡದಲ್ಲಿ ಮಾಡಿದ ಪರೀಕ್ಷೆ ಅಲ್ಲಿಗೆ ಸಾಲದು. ಉಪ್ಪುಗಾಳಿಗೆ ಕೇಬಲ್ ಜೋಡಣೆಗಳು ತುಕ್ಕು ಹಿಡಿದರೂ ಗ್ರಹಣಶಕ್ತಿ ತಗ್ಗುತ್ತದೆ. ಅದರಿಂದಾಗಿ ಪರೀಕ್ಷೆ ಒಂದೇ ಸಲಕ್ಕೆ ಮುಗಿಯಬಾರದು. ಇದಕ್ಕೆ ತಗಲುವ ದೋಣಿಯ ಖರ್ಚನ್ನು ಯೋಜನೆಯ ಲೆಕ್ಕದಲ್ಲೇ ಸೇರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.