ಡಿಸ್ಟೋಪಿಯಾ ಕಾದಂಬರಿ: ಆದರ್ಶ ಮುರಿಯಿತಾ, ಪೂರ್ತಿ ಈಡೇರಿತಾ?

ಡಿಸ್ಟೋಪಿಯಾದಲ್ಲಿ, ಅಂದರೆ ಆದರ್ಶ ಸಮಾಜ ಕಟ್ಟಲು ಹೋಗಿ ದುಃಸ್ವಪ್ನವಾದ ಲೋಕದ ಕಥೆಯಲ್ಲಿ, ಆದರ್ಶ ಯಾಕೆ ಸೋಲುತ್ತದೆ ಅಂತ ಕೇಳಿದರೆ ಜಾಸ್ತಿ ಜನ ಬರೆಯುವ ಉತ್ತರ ಒಂದೇ: ಅಧಿಕಾರ ಸಿಕ್ಕವರು ಕೆಟ್ಟುಹೋದರು. ಆರ್ವೆಲ್‌ನ 'ಅನಿಮಲ್ ಫಾರ್ಮ್'ಗೆ (1945) ಇದು ಸರಿ. ಅಲ್ಲಿ ಪ್ರಾಣಿಗಳು ಯಜಮಾನನನ್ನು ಓಡಿಸಿ ಎಲ್ಲರೂ ಸಮಾನರು ಅನ್ನುತ್ತವೆ, ಆದರೆ ಮುಂದಾಳುಗಳಾದ ಹಂದಿಗಳಿಗೇ ಹಾಲು, ಸೇಬು ಪಾಲಾದಾಗಲೇ ಸಮಾನತೆ ಹೋಯಿತು. ಇದನ್ನು ಇಲ್ಲಿಗೇ ಬಿಡೋಣ.

ಕಷ್ಟ ಶುರುವಾಗುವುದು ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್'ನಲ್ಲಿ (1932). ಅಲ್ಲಿ ಕೊಟ್ಟ ಮಾತನ್ನು ಯಾರೂ ಮುರಿದಿಲ್ಲ. ಯುದ್ಧ ಇಲ್ಲ, ಹಸಿವಿಲ್ಲ, ಬೇಸರವಾದರೆ ಸೋಮ ಮಾತ್ರೆ ಇದೆ. ಬಹುತೇಕ ಜನ ನಿಜವಾಗಿಯೂ ಖುಷಿಯಾಗಿದ್ದಾರೆ. ಹಾಗಾದರೆ ಸೋತಿದ್ದು ಯಾವುದು?

ನಾನು ಎಲ್ಲ ಕಾದಂಬರಿಗೂ ಹಾಕುವ ಪ್ರಶ್ನೆ ಇದು: ಆಳುವವರು ಒಳ್ಳೆಯವರಾಗಿದ್ದರೆ ಸರಿಹೋಗುತ್ತಿತ್ತಾ? ಹಂದಿಗಳ ವಿಷಯದಲ್ಲಿ ಸ್ವಲ್ಪವಾದರೂ ಹೌದು. ಆದರೆ ಹಕ್ಸ್‌ಲಿಯ ಲೋಕವನ್ನು ಆಳುವವರಲ್ಲಿ ಒಬ್ಬನಾದ ಮುಸ್ತಫಾ ಮಾಂಡ್ ದುರಾಸೆಯವನಲ್ಲ. ಆಳುವ ಕೆಲಸಕ್ಕಾಗಿ ತನಗಿಷ್ಟವಾದ ವಿಜ್ಞಾನವನ್ನೇ ಬಿಟ್ಟವನು, ಷೇಕ್ಸ್‌ಪಿಯರ್‌ನನ್ನು ಓದಿಕೊಂಡವನು, ಏನು ಕಳೆದುಹೋಗಿದೆ ಅಂತ ಚೆನ್ನಾಗಿ ಗೊತ್ತಿದ್ದವನು. ಅವನಿದ್ದೂ ಏನೂ ಬದಲಾಗುವುದಿಲ್ಲ.

ಯಾಕೆ ಅನ್ನುವುದನ್ನು ನಿಧಾನವಾಗಿ ಬಿಡಿಸಿ ನೋಡಿ. ಎಲ್ಲರೂ ಯಾವಾಗಲೂ ಸುಖವಾಗಿರಬೇಕು ಅನ್ನುವುದು ಗುರಿ. ಬಯಸಿದ್ದು ಸಿಗದಿದ್ದರೆ ದುಃಖ. ಬಯಸಿದ್ದನ್ನೆಲ್ಲ ಎಲ್ಲರಿಗೂ ಕೊಡಲು ಆಗುವುದಿಲ್ಲ, ಒಬ್ಬನ ಬಯಕೆ ಇನ್ನೊಬ್ಬನಿಗೆ ಅಡ್ಡ ಬರುತ್ತದೆ. ಉಳಿದ ದಾರಿ ಒಂದೇ: ಸಿಗುವುದನ್ನೇ ಬಯಸುವಂಥ ಮನುಷ್ಯನನ್ನು ತಯಾರಿಸುವುದು. ಅದಕ್ಕೇ ಬಾಟಲಿಯಲ್ಲಿ ಬೆಳೆಸುವ ಭ್ರೂಣ, ಹುಟ್ಟುವ ಮೊದಲೇ ಗೊತ್ತಾದ ದರ್ಜೆ, ನಿದ್ದೆಯಲ್ಲಿ ಕಿವಿಗೆ ಹಾಕುವ ಪಾಠ. ಈಗ ಯೋಚಿಸಿ, ಯಾರ ಸುಖಕ್ಕಾಗಿ ಇದೆಲ್ಲ ಶುರುವಾಯಿತೋ ಆ ಮನುಷ್ಯನೇ ಈಗ ಇಲ್ಲ, ಅಲ್ವಾ? ಸುಖಪಡುತ್ತಿರುವುದು ಅವನ ಜಾಗಕ್ಕೆ ತಯಾರಾಗಿ ಬಂದ ಬೇರೊಬ್ಬ. ಗುರಿ ಮುಟ್ಟಿದ್ದೇ ಇಲ್ಲಿ ಸೋಲು. ನನಗೆ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸುವುದು ಇದೇ.

ಈ ವ್ಯವಸ್ಥೆಯ ಹೊರಗೆ ಬೆಳೆದು ಒಳಗೆ ಬಂದು, ದುಃಖಪಡುವ ಹಕ್ಕು ಬೇಕು ಅನ್ನುವ ಜಾನ್‌ನನ್ನು ಸುಮ್ನೆ ನಾಯಕ ಅಂತ ಬರೆದುಬಿಡಬೇಡಿ. ಅವನು ಬೆಳೆದ ಹಳ್ಳಿಯಲ್ಲೂ ಕ್ರೌರ್ಯ ಇದೆ, ಕೊನೆಗೆ ಅವನು ನೇಣು ಹಾಕಿಕೊಳ್ಳುತ್ತಾನೆ. ಹಕ್ಸ್‌ಲಿ ಅವನ ದಾರಿಯನ್ನು ಪರಿಹಾರವಾಗಿ ಕೊಡುವುದಿಲ್ಲ.

ರಷ್ಯನ್ ಲೇಖಕ ಜಮ್ಯಾಟಿನ್‌ನ 'ವಿ' (ನಾವು) ಕೂಡ ಗುರಿ ಮುಟ್ಟಿಯೇ ಸೋಲುವ ಇದೇ ಗುಂಪಿಗೆ ಸೇರುತ್ತದೆ. ಗಾಜಿನ ಮನೆಗಳು, ಹೆಸರಿನ ಬದಲು ನಂಬರ್, ಕೊನೆಗೆ ಕಲ್ಪನೆಯನ್ನೇ ಕಿತ್ತುಹಾಕುವ ಶಸ್ತ್ರಚಿಕಿತ್ಸೆ.

ಆರ್ವೆಲ್‌ನದೇ '1984' ಮಾತ್ರ ಆದರ್ಶ ಮುರಿದ ಗುಂಪು, ಈಡೇರಿದ ಗುಂಪು ಎರಡಕ್ಕೂ ಸರಿಯಾಗಿ ಕೂರುವುದಿಲ್ಲ. ಜನರ ಒಳಿತಿಗಾಗಿ ಆಳುತ್ತೇವೆ ಅನ್ನುವ ನೆಪವನ್ನು ಆಳುವ ಪಕ್ಷದವನೇ ಆದ ಓಬ್ರಿಯನ್ ತಾನೇ ತಳ್ಳಿಹಾಕುತ್ತಾನೆ. ಪಕ್ಷಕ್ಕೆ ಅಧಿಕಾರ ಬೇಕಿರುವುದು ಅಧಿಕಾರಕ್ಕಾಗಿಯೇ ಅನ್ನುತ್ತಾನೆ.