ತಲೆಕೆಳಗಾದ ಪಗನಿನಿ

ಫ್ರಾನ್ಸಿನ ಕಮೀಲ್ ಸೇಂ-ಸಾನ್ಸ್ 1886ರಲ್ಲಿ ಪ್ರಾಣಿಗಳ ಮೇಲೊಂದು ವಿನೋದದ ಸಂಗೀತಮಾಲೆ ಬರೆದ. ಅದರಲ್ಲಿ ಆಮೆಯ ಪಾಲಿಗೆ ಬಂದದ್ದು ಆಫನ್‌ಬಾಖನ ಕ್ಯಾನ್‌ಕ್ಯಾನ್ ಧಾಟಿ. ಕಾಲನ್ನು ಮುಗಿಲಿಗೆ ಚಿಮ್ಮಿಸುವ ಆ ಕುಣಿತದಿಂದ ವೇಗವನ್ನು ಕಿತ್ತುಕೊಂಡದ್ದೇ ತಡ, ಅದು ಉಸ್ಸೆಂದು ತೆವಳತೊಡಗಿತು. ಇಲ್ಲಿ ಸಾಲ ಯಾರದೆಂದು ಕೇಳುಗನಿಗೆ ಗೊತ್ತಾಗಲೇಬೇಕು; ಗೊತ್ತಾಗದಿದ್ದರೆ ನಗು ಬಾರದು.

ವೇಗ ಬದಲಾದರೂ ಧಾಟಿ ಸಿಕ್ಕಿಬೀಳುವುದೇಕೆ? ನಮ್ಮ ಕಿವಿ ನೆನಪಿಡುವುದು ಒಂದೊಂದು ಸ್ವರವನ್ನಲ್ಲ, ಸ್ವರದಿಂದ ಸ್ವರಕ್ಕೆ ಇರುವ ಅಂತರವನ್ನು. ತಾಯಿ ಹಾಡಿದ್ದನ್ನು ಮಗು ಬೇರೆ ಶ್ರುತಿಯಲ್ಲಿ ಹಾಡಿದರೂ ನಮಗದು ಅದೇ ಹಾಡು. ಇಟಲಿಯ ಸಂಗೀತಕಾರ ವಿವಾಲ್ಡಿ ನಾಲ್ಕು ಪಿಟೀಲುಗಳಿಗೆ ಬರೆದು 1711ರಲ್ಲಿ ಪ್ರಕಟವಾದ ಕನ್ಸರ್ಟೋ (ಮುಖ್ಯ ವಾದ್ಯಗಳು ವಾದ್ಯವೃಂದದೊಡನೆ ನುಡಿಯುವ ರಚನೆ) ಒಂದನ್ನು ಜರ್ಮನಿಯ ಬಾಖ್ ಮುಂದೆ, ಕೀಲಿಯೊತ್ತಿ ತಂತಿ ಮೀಟಿಸುವ ವಾದ್ಯಗಳಾದ ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ ಒಗ್ಗಿಸಿದ. ಶ್ರುತಿಯನ್ನು ಇಳಿಸಿದ. ಹಾರ್ಪ್ಸಿಕಾರ್ಡಿನಲ್ಲಿ ಮೀಟಿದ ನಾದ ಬೇಗ ಕರಗಿಹೋಗುತ್ತದೆ. ಪಿಟೀಲಿನಂತೆ ಎಳೆದು ನಿಲ್ಲಿಸಲಾಗದು. ಅದಕ್ಕೇ ಇರಬೇಕು, ಒಳಗಿನ ಎಳೆಗಳನ್ನು ಬಾಖ್ ದಟ್ಟವಾಗಿಸಿದ. ಇಷ್ಟಾದರೂ ಎರಡನ್ನೂ ಕೇಳಿದವರಿಗೆ ವಿವಾಲ್ಡಿಯ ಗುರುತು ಹತ್ತದೆ ಇರದು.

ಹೆಸರಿನ ಗುರುತು ಮಾತ್ರ ಅಷ್ಟು ಗಟ್ಟಿಯಲ್ಲ. ಸ್ಟ್ರಾವಿನ್‌ಸ್ಕಿ 1920ರ ತನ್ನ ಬ್ಯಾಲೆಗೆ, ಅಂದರೆ ನೃತ್ಯರೂಪಕಕ್ಕೆ, ಹಳೆಯ ಕಾಲದ ಸಂಗೀತಕಾರ ಪೆರ್ಗೊಲೇಸಿಯದೆಂದು ನಂಬಿ ಎತ್ತಿಕೊಂಡ ರಚನೆಗಳಲ್ಲಿ ಹಲವು ಬೇರೆಯವರವೆಂದು ಆಮೇಲೆ ತಿಳಿಯಿತು.

ಇವರೆಲ್ಲರಿಗಿಂತ ಒಳಗುಟ್ಟಿನ ಕೆಲಸ ರಷ್ಯಾದ ರಾಖ್ಮನಿನಾಫ್‌ನದು. ಇಟಲಿಯ ಪಿಟೀಲುಗಾರ ಪಗನಿನಿಯ 24ನೆಯ ಕಪ್ರೀಸ್ ಪಿಟೀಲಿನ ರಚನೆ, ವಿಷಾದದ ಛಾಯೆಯ ಮೈನರ್ ಸ್ವರಶ್ರೇಣಿಯದು. ಅದನ್ನೇ ಹಿಡಿದು 1934ರಲ್ಲಿ ಪಿಯಾನೋ ಮತ್ತು ವಾದ್ಯವೃಂದಕ್ಕೆ ಆತ 24 ರೂಪಾಂತರಗಳನ್ನು ಬರೆದ. ಅವುಗಳಲ್ಲಿ 18ನೆಯದು ಎಷ್ಟು ಮಧುರವೆಂದರೆ, ಕಡುಕಠೋರ ಪಗನಿನಿಗೂ ಇದಕ್ಕೂ ಏನು ನಂಟು ಎಂದು ಅಚ್ಚರಿಯಾಗುತ್ತದೆ.

ನಂಟು ಇರುವುದು ಲೆಕ್ಕದಲ್ಲಿ. ಪಿಯಾನೋದ ಕಪ್ಪು ಬಿಳಿ ಕೀಲಿಗಳೆರಡನ್ನೂ ಸೇರಿಸಿ ಎಣಿಸಿದರೆ, ಪಗನಿನಿಯ ಮುಖ್ಯ ಐದು ಸ್ವರಗಳ ನಡಿಗೆ ಹೀಗಿದೆ: 3 ಮೇಲೆ, 1 ಕೆಳಗೆ, 2 ಕೆಳಗೆ, 7 ಮೇಲೆ. ರಾಖ್ಮನಿನಾಫ್ ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿದ: 3 ಕೆಳಗೆ, 1 ಮೇಲೆ, 2 ಮೇಲೆ, 7 ಕೆಳಗೆ. ನೀರಿನಲ್ಲಿ ಬಿದ್ದ ಗುಡ್ಡದ ನೆರಳಿನಂತೆ.

ಸೊಗಸು ಇನ್ನೊಂದಿದೆ. ಮೈನರ್ ಶ್ರೇಣಿಯ ಮೊದಲ ಐದು ಸ್ವರಗಳ ನಡುವಿನ ಅಂತರ 2, 1, 2, 2. ಇದನ್ನು ಹಿಂದಿನಿಂದ ಓದಿ: 2, 2, 1, 2. ಇದು ಉಲ್ಲಾಸದ ಛಾಯೆಯ ಮೇಜರ್ ಶ್ರೇಣಿಯ ಮೊದಲ ಐದು ಸ್ವರಗಳ ಅಂತರವೇ! ಧಾಟಿಯನ್ನು ಬುಡಮೇಲು ಮಾಡಿದಾಗ ಮೇಲಿನಿಂದ ಕೆಳಕ್ಕೆ ಎಣಿಸಬೇಕಾದ್ದರಿಂದ ಮೈನರ್ ತಾನಾಗಿಯೇ ಮೇಜರ್ ಆಯಿತು. ಬಣ್ಣ ಬಳಿಯುವ ಪ್ರಮೇಯವೇ ಬರಲಿಲ್ಲ.

ಹಾಗಿದ್ದರೆ ಕಿವಿ ಏಕೆ ಮೋಸಹೋಗುತ್ತದೆ? ಅಂತರದ ಅಳತೆ ಉಳಿದರೂ ದಿಕ್ಕು ತಪ್ಪಿದೆ. ಏರಿಳಿತದ ಆಕಾರ ನಮ್ಮ ನೆನಪಿಗೆ ದೊಡ್ಡ ಆಸರೆ; ಅದೇ ತಿರುಗಿದರೆ ಪರಿಚಿತ ಧಾಟಿಯೂ ಹೊಸಮುಖವಾಗುತ್ತದೆ. ಜೊತೆಗೆ ವೇಗವನ್ನೂ ಆತ ತಗ್ಗಿಸಿದ್ದಾನೆ. ಪಿಯಾನೋ ಸಿಕ್ಕರೆ ಒಂದೇ ಕೀಲಿಯಿಂದ ಹೊರಟು ಎರಡು ಲೆಕ್ಕಗಳನ್ನೂ ಒಂದರ ಹಿಂದೊಂದು ನುಡಿಸಿ ನೋಡಿ. ಎರಡನೆಯದನ್ನು ಮಾತ್ರ ಸಾವಕಾಶವಾಗಿ.