ನಿವೃತ್ತ ರಾಯಭಾರಿಯ ನೆನಪುಗಳಿಗೆ ಸರ್ಕಾರದ ಅನುಮತಿ ಬೇಕೇ?

ಮಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ: ವಿದೇಶಾಂಗ ಸೇವೆಯಿಂದ ನಿವೃತ್ತರಾದವರು ತಮ್ಮ ವೃತ್ತಿಜೀವನದ ಕುರಿತ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು ಸರ್ಕಾರದ ಒಪ್ಪಿಗೆ ಪಡೆಯಬೇಕೇ? ಅಂಥ ನಿಯಮ ಇರುವುದು ಸರಿಯೇ?

2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪಿಂಚಣಿ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ಆ ಸಂಸ್ಥೆಯ ಕಾರ್ಯವ್ಯಾಪ್ತಿಗೆ ಸೇರಿದ ವಿಷಯಗಳನ್ನು ಪ್ರಕಟಿಸಲು ಅದರ ಮುಖ್ಯಸ್ಥರ ಪೂರ್ವಾನುಮತಿ ಪಡೆಯಬೇಕು. ವಿದೇಶಾಂಗ ಸಚಿವಾಲಯ ಆ ಪಟ್ಟಿಯಲ್ಲಿಲ್ಲ. ಹಾಗೆಂದು ರಾಯಭಾರಿಗಳು ಪೂರ್ಣ ಸ್ವತಂತ್ರರೂ ಅಲ್ಲ: 1923ರ ಅಧಿಕೃತ ರಹಸ್ಯಗಳ ಕಾಯ್ದೆಯ 5ನೇ ಸೆಕ್ಷನ್ ಹಿಂದೆ ಹುದ್ದೆಯಲ್ಲಿದ್ದವರಿಗೂ ಅನ್ವಯಿಸುತ್ತದೆ ಮತ್ತು ರಹಸ್ಯ ಬಯಲು ಮಾಡಿದ್ದು ಗಂಭೀರ ದುರ್ನಡತೆಯೆಂದು ತೀರ್ಮಾನವಾದರೆ ಪಿಂಚಣಿಯನ್ನೇ ತಡೆಹಿಡಿಯಬಹುದು.

ನನ್ನ ಅಭಿಪ್ರಾಯದಲ್ಲಿ ಇಷ್ಟು ಹೊಣೆಗಾರಿಕೆ ಸಾಕು. ಇದರ ಮೇಲೆ ಪೂರ್ವಾನುಮತಿಯ ನಿಯಮ ಬೇಡ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರು 1950ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಆರಂಭವಾದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ದಕ್ಷಿಣ ಕೊರಿಯಾಕ್ಕೆ ನೆರವು ನೀಡುವ ನಿರ್ಣಯ ಜೂನ್ 27ರಂದು ಮತಕ್ಕೆ ಬಂದಾಗ ದೆಹಲಿಯ ಸೂಚನೆ ಇನ್ನೂ ತಲುಪಿರಲಿಲ್ಲವಾದ್ದರಿಂದ ಅವರು ಮತ ಚಲಾಯಿಸಲಿಲ್ಲ. ಬಳಿಕ ಭಾರತ ಅದನ್ನು ಒಪ್ಪಿಕೊಂಡಿತು. ಮತಗಳ ಲೆಕ್ಕ ಕಡತದಲ್ಲಿ ಸಿಗುತ್ತದೆ, ಆದರೆ ಆ ಪೀಠದಲ್ಲಿ ಕುಳಿತವರ ಮೇಲಿದ್ದ ಒತ್ತಡವನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು. ಇಂಥ ಅನುಭವವನ್ನು ಅಚ್ಚುಮಾಡಲು, ಅಂದಿನ ತೀರ್ಮಾನದಿಂದ ಮುಜುಗರಕ್ಕೊಳಗಾಗಬಹುದಾದ ಸರ್ಕಾರವನ್ನೇ ಕೇಳಬೇಕೆಂದರೆ, ರಕ್ಷಣೆ ಸಿಗುವುದು ದೇಶದ ಭದ್ರತೆಗಿಂತ ಹೆಚ್ಚಾಗಿ ಆಡಳಿತದ ಮಾನಕ್ಕೆ.

ರಹಸ್ಯವೇ ಬೇಡವೆಂದು ನಾನು ಹೇಳುತ್ತಿಲ್ಲ. ಸಂಕೇತಲಿಪಿ, ಮಾಹಿತಿ ಕೊಟ್ಟವರ ಗುರುತು, ಇನ್ನೂ ನಡೆಯುತ್ತಿರುವ ಗಡಿ ಮಾತುಕತೆಯ ನಿಲುವು, ಇವು ಹೊರಬಿದ್ದರೆ ಜೀವಹಾನಿಯೂ ಆಗಬಹುದು. ಬ್ರಿಟನ್‌ನಲ್ಲಿ 1976ರ ರ‍್ಯಾಡ್‌ಕ್ಲಿಫ್ ಸಮಿತಿಯು ಸಚಿವರ ನೆನಪುಗಳ ವಿಚಾರದಲ್ಲಿ, ವಿಶ್ವಾಸದಲ್ಲಿ ನಡೆದ ಒಳಮಾತುಗಳಿಗೆ 15 ವರ್ಷಗಳ ಮಿತಿಯನ್ನು ಸೂಚಿಸಿತ್ತು. ಕಾಲಮಿತಿಯ ಈ ತತ್ವ ನಮಗೂ ಒಪ್ಪುವಂಥದ್ದು.

ಸರ್ಕಾರಕ್ಕೆ ಹಸ್ತಪ್ರತಿ ನೋಡಲೇಬೇಕೆನಿಸಿದರೆ ನಿಗದಿತ ದಿನಗಳೊಳಗೆ, ಯಾವ ಸಾಲು ಯಾವ ಕಾರಣಕ್ಕೆ ಅಪಾಯಕಾರಿ ಎಂಬುದನ್ನು ಲಿಖಿತವಾಗಿ ತಿಳಿಸಲಿ; ಆಕ್ಷೇಪವನ್ನು ಸ್ವತಂತ್ರ ಮಂಡಳಿಯೊಂದರ ಮುಂದೆ ಪ್ರಶ್ನಿಸಲು ಲೇಖಕರಿಗೆ ಅವಕಾಶವಿರಲಿ; ಗಡುವು ಮೀರಿದರೆ ಪ್ರಕಟಣೆಗೆ ಅಡ್ಡಿಯಿಲ್ಲವೆಂದೇ ಭಾವಿಸಬೇಕು.